ಹಿಂದಿನ ಸೀಟಿನ ಮಾತು

ಚೆಲುವಯ್ಯನಿಗೆ ಎದುರುಬದುರು ಕೂತು ಮಾತಾಡಲು ಬರುತ್ತಿರಲಿಲ್ಲ. ಅವನು ಮೂಗನಲ್ಲ, ಜಂಬದವನೂ ಅಲ್ಲ. ಸುವರ್ಣವತಿ ಮಿಲ್ಲಿನ ಕಪ್ಪು ಹಿಂದೂಸ್ತಾನ್ ಕಾರಿನ ಡ್ರೈವರು, ಅಷ್ಟೆ. ಬೆಳಗಿನಿಂದ ಸಂಜೆಯವರೆಗೆ ಬೆನ್ನ ಹಿಂದೆ ಮಾತು, ಕಣ್ಣ ಮುಂದೆ ರಸ್ತೆ. ಹೀಗೇ ವರ್ಷಗಟ್ಟಲೆ ನಡೆದು, ಮಾತು ಎಂಬುದು ಬೆನ್ನ ಕಡೆಯಿಂದಲೇ ಬರಬೇಕು ಎಂದು ಅವನ ಮೈಗೆ ಅಭ್ಯಾಸವಾಗಿಬಿಟ್ಟಿತ್ತು. ಹೆಂಡತಿ ಮಾದೇವಮ್ಮ ಮುಖಕ್ಕೆ ಮುಖ ಕೊಟ್ಟು ಏನಾದರೂ ಕೇಳಿದರೆ ತಬ್ಬಿಬ್ಬಾಗುತ್ತಿದ್ದ. ಅದೇ ಅವಳು ಒಲೆಯ ಮುಂದಿದ್ದು, ಇವನು ಬಾಗಿಲ ಕಡೆ ತಿರುಗಿ ಕೂತಿದ್ದರೆ, ಉತ್ತರ ಸರಾಗವಾಗಿ ಬರುತ್ತಿತ್ತು. "ನಾನು ಇವರ ಬೆನ್ನಿನ ಜೊತೆ ಸಂಸಾರ ಮಾಡ್ಬುಟ್ಟೆ ಕಣಮ್ಮ" ಎಂದು ಮಾದೇವಮ್ಮ ಹಿನಕಲ್ಲಿನ ಬಾವಿಕಟ್ಟೆಯಲ್ಲಿ ಹೇಳಿಕೊಂಡು ನಗುತ್ತಿದ್ದಳು.

ಅವನಿಗೆ ಡ್ರೈವಿಂಗ್ ಕಲಿಸಿದವನು ಚಿಕ್ಕಣ್ಣ ಮೇಸ್ತ್ರಿ. ಮೇಸ್ತ್ರಿ ಒಂದು ಕಾಲಕ್ಕೆ ಅರಮನೆಯ ಕಾರು ಓಡಿಸಿದವನು. ಮೊದಲ ದಿನವೇ ಕನ್ನಡಿಯನ್ನು ಒಂದಿಷ್ಟು ಮೇಲಕ್ಕೆ ತಿರುಗಿಸಿ, "ಇದ್ರಲ್ಲಿ ಹಿಂದಿನ ರಸ್ತೆ ಕಾಣ್ಬೇಕು, ಹಿಂದೆ ಕೂತೋರ ಮಕ ಕಾಣ್‌ಬಾರ್ದು. ಅವ್ರು ಮಾತಾಡಿದ್ದು ನಿಂಗೆ ಕೇಳ್‌ಬಾರ್ದು. ಕಿವಿಯಿರೋ ಡ್ರೈವರ್ನ ಯಾರೂ ಕೆಲ್ಸಕ್ಕೆ ಮಡೀಕ್ಕಳಾಕಿಲ್ಲ ಕಣೋ" ಎಂದಿದ್ದ. ಚೆಲುವಯ್ಯ ಆ ಮಾತನ್ನು ದೇವರ ಮಾತಿನಂತೆ ಪಾಲಿಸಿಕೊಂಡು ಬಂದ. ಹಿಂದಿನ ಸೀಟಿನಲ್ಲಿ ಜಗಳವಾದರೂ, ನಗುವಾದರೂ, ಒಬ್ಬರೇ ಕೂತು ಗೊಣಗಿಕೊಂಡರೂ ಅವನ ಕತ್ತು ಅಲ್ಲಾಡುತ್ತಿರಲಿಲ್ಲ.

ಆದರೆ ಕಿವಿಗೆ ಬಾಗಿಲು ಎಲ್ಲಿದೆ? ಮಾತುಗಳು ಒಳಗೆ ಬರುತ್ತಲೇ ಇದ್ದವು. ಬಂದವು ಹೊರಗೆ ಹೋಗಲು ದಾರಿಯಿಲ್ಲದೆ ಅಲ್ಲೇ ಕೂತವು. ಬೆಳಗಿನ ಮಂಜಿನಲ್ಲಿ ಹುಣಸೂರು ರಸ್ತೆಯಲ್ಲಿ ಸೈಕಲ್ ತುಳಿದುಕೊಂಡು ಹಿನಕಲ್ಲಿನಿಂದ ಕೆಲಸಕ್ಕೆ ಬರುವಾಗ ಅವು ಒಂದೊಂದೇ ಮೇಲೆದ್ದು ಬರುತ್ತಿದ್ದವು. ಯಾರ ಮಾತು, ಯಾವತ್ತಿನದು, ಒಂದೂ ಗೊತ್ತಾಗುತ್ತಿರಲಿಲ್ಲ. ಸಾಲುಮರಗಳು ಮಂಜಿನಿಂದ ಹೊರಗೆ ಬಂದು ಮತ್ತೆ ಮಂಜಿಗೇ ಹೋಗುತ್ತಿದ್ದವು. ಆ ಮಾತುಗಳೂ ಹಾಗೇ ತೇಲಿ ಹೋಗುತ್ತಿದ್ದವು. ಕಾಲ ಕಳೆದಂತೆ ಅವೆಲ್ಲ ತಾನೇ ಯೋಚಿಸಿದ್ದು ಎಂದು ಅವನಿಗೆ ಅನ್ನಿಸತೊಡಗಿತು. ಸುಮ್ಮನಿರುವ ಮನುಷ್ಯನ ತಲೆಯಲ್ಲಿ ಎಷ್ಟು ಒಳ್ಳೊಳ್ಳೆಯ ಮಾತು ಹುಟ್ಟುತ್ತವಲ್ಲ ಎಂದು ಒಬ್ಬನೇ ಬೆರಗಾಗುತ್ತಿದ್ದ.

ಅವನಿಗೆ ಇದ್ದವಳು ಒಬ್ಬಳೇ ಮಗಳು, ಪ್ರೇಮಲೀಲಾ. ಇಂಟರ್‌ಮೀಡಿಯೆಟ್ ಪಾಸು ಮಾಡಿ, ಶಿವರಾಂಪೇಟೆಯಲ್ಲಿ ಟೈಪಿಂಗ್ ಕಲಿತಿದ್ದಳು. ಮಷೀನಿನ ಮುಂದೆ ಕೂತರೆ ಬೆರಳು ಓಡುತ್ತಿದ್ದವು, ಬಾಯಿ ಮಾತ್ರ ಅಪ್ಪನದು. ಹಿಂದಿನ ವರ್ಷ ಒಂದು ಆಫೀಸಿನಿಂದ ಇಂಟರ್‌ವ್ಯೂಗೆ ಕರೆ ಬಂದಿತ್ತು. ಹೋದಳು, ಹೆಸರು ಹೇಳಿದಳು, ಆಮೇಲೆ ಕೇಳಿದ ಒಂದಕ್ಕೂ ಬಾಯಿ ಬಿಡಲಾಗದೆ ಕೈಮುಗಿದು ಎದ್ದು ಬಂದಳು. ಅವತ್ತು ಮನೆಗೆ ಬಂದು ಗೋಡೆಯ ಕಡೆ ಮುಖ ಮಾಡಿ ಮಲಗಿದ ಮಗಳ ಬೆನ್ನನ್ನು ನೋಡುತ್ತ ಚೆಲುವಯ್ಯ ಹೊಸ್ತಿಲಲ್ಲೇ ಕೂತುಬಿಟ್ಟ. ತನ್ನ ಮೌನ ತನಗೆ ಅನ್ನ ಹಾಕಿತು, ನಿಜ. ಅದೇ ಮೌನ ಮಗಳಿಗೂ ಅಂಟಿದರೆ ಅವಳ ಗತಿಯೇನು?

ಹೀಗಿರುವಾಗ ಐವತ್ತೊಂಬತ್ತರ ಮಾಘದಲ್ಲಿ ಅವನದೇ ಮಿಲ್ಲಿನ ಆಫೀಸಿಗೆ ಟೈಪಿಸ್ಟ್ ಬೇಕೆಂದು ಪತ್ರಿಕೆಯಲ್ಲಿ ಬಂತು. ಪ್ರೇಮಲೀಲಾ ಅರ್ಜಿ ಹಾಕಿದಳು, ಕರೆಯೂ ಬಂತು. "ಇದೊಂದು ನೋಡ್ತೀನಿ ಅಪ್ಪ. ಇಲ್ಲೂ ಬಾಯಿ ಕಟ್ಟಿದರೆ ಇನ್ನು ನನ್ನನ್ನ ಎಲ್ಲಿಗೂ ಕಳಿಸಬೇಡ" ಎಂದಳು. ಹುಡುಗಿ ಹಟ ಮಾಡಿ ಹೇಳಿದ್ದಲ್ಲ, ಸೋತು ಹೇಳಿದ್ದು. ಅದಕ್ಕೇ ಅವನಿಗೆ ಹೆದರಿಕೆಯಾಯಿತು.

"ಇಂಟರ್‌ವ್ಯೂನಾಗೆ ಏನು ಕೇಳ್ತಾರೆ ಅಂತ ನಂಗೊತ್ತು ಕಣವ್ವ" ಎಂದ ಚೆಲುವಯ್ಯ.

ಗೊತ್ತಿಲ್ಲದೆ ಏನು? ಇಂಟರ್‌ವ್ಯೂ ಮುಗಿಸಿದ ದೊಡ್ಡ ಸಾಹೇಬರುಗಳೆಲ್ಲ ಕಾರಿಗೆ ಹತ್ತಿ, ಬಂದವರನ್ನು ಒಬ್ಬೊಬ್ಬರನ್ನಾಗಿ ಆಡಿಕೊಂಡೇ ಸ್ಟೇಷನ್ ತಲುಪುತ್ತಿದ್ದರು. ಯಾವ ಉತ್ತರಕ್ಕೆ ತಲೆದೂಗಿದರು, ಯಾವುದಕ್ಕೆ ಹೊಟ್ಟೆ ಹಿಡಿದುಕೊಂಡು ನಕ್ಕರು, ಎಲ್ಲ ಅವನ ಬೆನ್ನಿಗೆ ಗೊತ್ತಿತ್ತು.

ಅಭ್ಯಾಸ ಶುರುವಾಯಿತು. ಭಾನುವಾರ ಇಳಿಹೊತ್ತಿನಲ್ಲಿ ಅಂಗಳದಲ್ಲಿ ಸ್ಟೂಲು ಹಾಕಿಕೊಂಡು ಚೆಲುವಯ್ಯ ರಸ್ತೆಯ ಕಡೆ ಮುಖ ಮಾಡಿ ಕೂತ. ಮಗಳನ್ನು ಹಿಂದೆ ಜಗಲಿಯ ಮೇಲೆ ಕೂರಿಸಿದ. "ಅಲ್ಲಾ ಕಣ್ರೀ, ಇಂಟರ್‌ವ್ಯೂ ಮಾಡೋರು ಬೆನ್ನು ತಿರುಗಿಸ್ಕೊಂಡು ಕೂತಿರ್ತಾರಾ?" ಎಂದು ಮಾದೇವಮ್ಮ ಒಳಗಿನಿಂದ ಕೇಳಿದಳು. ಹೀಗೆ ಕೂತರೆ ಮಾತ್ರ ಅವನಿಗೆ ಮಾತು ಬರುತ್ತಿತ್ತು, ಆಶ್ಚರ್ಯವೆಂದರೆ ಮಗಳಿಗೂ ಬಂತು. ಎದುರಿಗೆ ಯಾರ ಕಣ್ಣೂ ಇಲ್ಲ. ಅಪ್ಪನ ಖಾಕಿ ಬೆನ್ನು, ಅದರಾಚೆ ಹೊಲಗಳ ಮೇಲೆ ಇಳಿಯುವ ಬಿಸಿಲು, ಮನೆಗೆ ಬರುವ ದನಗಳ ಧೂಳು. ಆ ಧೂಳೆಲ್ಲ ಬಂಗಾರದ ಬಣ್ಣವಾಗಿ ನಿಂತಿರುವಾಗ ಅವಳ ಬಾಯಿಂದ ಮಾತು ತಾನಾಗಿ ಬಿಚ್ಚಿಕೊಂಡಿತು. ಸಂಜೆ ಸಂಜೆ ಅಪ್ಪ ಮಗಳು ಕಾಣದ ಕಾರಿನಲ್ಲಿ ಎಲ್ಲಿಗೋ ಹೊರಟವರ ಹಾಗೆ ಕೂತಿರುತ್ತಿದ್ದರು.

ಚೆಲುವಯ್ಯ ಇಂಟರ್‌ವ್ಯೂ ಮಾಡಲು ಬರುವ ಬೆಂಗಳೂರಿನ ಡೈರೆಕ್ಟರ ಹಾಗೆ ಗಂಟಲು ಸರಿಮಾಡಿಕೊಂಡು ಕೇಳಿದ: "ನಿಮ್ಮಲ್ಲಿರೋ ಕುಂದು ಏನಮ್ಮಾ?"

"ಕುಂದು ಏನೂ ಇಲ್ಲ ಸಾರ್."

"ಹೋಯ್ತು ಬುಡು, ಕೆಲ್ಸ ಹೋಯ್ತು. ಕುಂದೇ ಇಲ್ಲ ಅಂದೋರ್ನ ಇವ್ರು ಟೇಸನ್ ಮುಟ್ಟೋಗಂಟ ಆಡ್ಕೊಂಡು ನಗ್ತಾರೆ."

"ಮತ್ತೇನು ಹೇಳಲಿ?"

"ಇರೋದ್ನೇ ಯೋಳು. ನಂಗೆ ಮಾತು ಬ್ಯಾಗ ಬರಾಕಿಲ್ಲ, ಬಂದ್ರೆ ಸುಳ್ಳು ಬರಾಕಿಲ್ಲ ಅನ್ನು."

ಪ್ರೇಮಲೀಲಾ ಅದನ್ನು ತನ್ನ ಮಾತಿನಲ್ಲಿ ಎರಡು ಸಲ ಹೇಳಿ ನೋಡಿಕೊಂಡಳು. ಆಮೇಲೆ ಮೆಲ್ಲಗೆ ಕೇಳಿದಳು: "ಅಪ್ಪ ಏನು ಮಾಡ್ತಾರೆ ಅಂದರೆ?"

"ಬೇಸಾಯ. ಅರ್ಜೀಲೂ ಅದನ್ನೇ ತಾನೇ ಬರ್ಸಿರೋದು?"

"ಈಗ ತಾನೇ ಸುಳ್ಳು ಬರಲ್ಲ ಅನ್ನು ಅಂದೆಯಲ್ಲ ಅಪ್ಪ."

"ಸುಳ್ಳೆಂಗಾಯ್ತದೆ? ಹಿಂದ್ಗಡೆ ಹುರುಳಿ ಹಾಕಿಲ್ವಾ?" ಎಂದ ಚೆಲುವಯ್ಯ. ಜವಾನನ ಮಗನೊಬ್ಬ ಗುಮಾಸ್ತನ ಕೆಲಸಕ್ಕೆ ಬಂದಾಗ ಹಿಂದಿನ ಸೀಟಿನಲ್ಲಿ ಎದ್ದ ನಗು ಅವನಿಗೆ ನೆನಪಿತ್ತು. ಆ ನಗುವಿನ ನಡುವೆ ಮಗಳ ಹೆಸರು ಬರುವುದು ಅವನಿಗೆ ಬೇಡ. "ಡ್ರೈವರ್ ಅಂದ್ರೆ ಕಾಣೋ ವಸ್ತು ಅಲ್ಲ ಕಣವ್ವ. ಇಲ್ದಿರೋದ್ನ ಇಲ್ಲ ಅಂದ್ರೆ ಯಾರ್ಗೂ ನೋವಾಗಾಕಿಲ್ಲ" ಎಂದ. ಮಗಳಿಗೆ ನೋವಾಗಿತ್ತು. ಅದು ಅವನಿಗೆ ಬೆನ್ನಿನಲ್ಲೇ ಗೊತ್ತಾಯಿತು.

ಕೊನೆಗೆ ಉಳಿದದ್ದು ಎಲ್ಲಕ್ಕಿಂತ ದೊಡ್ಡ ಪ್ರಶ್ನೆ: ಈ ಕೆಲಸ ನಿನಗೆ ಯಾಕೆ ಬೇಕು? ಪ್ರೇಮಲೀಲಾ ಏನೇನೋ ಹೇಳಿದಳು. ಮನೆಗೆ ನೆರವಾಗಲಿ ಅಂತ, ಕಲಿತದ್ದು ವ್ಯರ್ಥವಾಗಬಾರದು ಅಂತ. ಎಲ್ಲವೂ ಸಾಹೇಬರು ಆಕಳಿಸಿದ ಉತ್ತರಗಳೇ. ಚೆಲುವಯ್ಯ ರಸ್ತೆಯನ್ನೇ ನೋಡುತ್ತ ಕೂತ. ಬಿಸಿಲು ಆರಿ, ಚಾಮುಂಡಿ ಬೆಟ್ಟ ದೂರದಲ್ಲಿ ನೀಲಿಯಾಗುತ್ತಿತ್ತು. ಆಗ ಅವನೊಳಗಿನಿಂದ ಒಂದು ಮಾತು ಎದ್ದು ಬಂತು.

"ಬೆಳಿಗ್ಗೆ ಎದ್ದರೆ ಒಂದು ಕೆಲಸ ಕಾಯ್ತಾ ಇರಬೇಕು. ಸಂಜೆ ಹೋದರೆ ಮನೆಯಲ್ಲಿ ಒಂದು ಜೀವ ಕಾಯ್ತಾ ಇರಬೇಕು. ಕಾಯೋರೇ ಇಲ್ಲದಿದ್ದರೆ ಮನುಷ್ಯ ಎಲ್ಲಿದ್ದರೂ ದಾರಿಯಲ್ಲೇ ಇದ್ದ ಹಾಗೆ."

ಒಳಗೆ ಮಾದೇವಮ್ಮನ ಒನಕೆ ನಿಂತಿತು. "ಅಪ್ಪ, ಇದು ನಿನ್ನ ಮಾತಾ?" ಎಂದಳು ಪ್ರೇಮಲೀಲಾ.

"ಮತ್ತಿನ್ಯಾರ್ದವ್ವ?" ಎಂದ ಚೆಲುವಯ್ಯ. ತನ್ನ ಬಾಯಲ್ಲಿ ಇಂಥ ಮಾತು, ಅದೂ ಪುಸ್ತಕದ ಮಾತಿನಷ್ಟು ಶುದ್ಧವಾಗಿ ಬಂದದ್ದಕ್ಕೆ ಅವನಿಗೇ ನಾಚಿಕೆಯಾಯಿತು. ಹೆಮ್ಮೆಯೂ ಆಯಿತು. ಮಗಳು ಆ ಮಾತನ್ನು ಬಾಯಿಪಾಠ ಮಾಡಲಿಲ್ಲ. ಕೇಳಿದ ಕೂಡಲೇ ಅದು ಅವಳಲ್ಲಿ ನಿಂತುಬಿಟ್ಟಿತು.

ಇಂಟರ್‌ವ್ಯೂ ಇದ್ದದ್ದು ನಜರ್‌ಬಾದಿನ ಆಫೀಸಿನಲ್ಲಿ. ಅವತ್ತು ಬೆಳಿಗ್ಗೆ ಚೆಲುವಯ್ಯ ಮೂವರು ದೊಡ್ಡವರನ್ನು ಅಲ್ಲಿ ಇಳಿಸಿದ. ಒಬ್ಬರು ಬೆಂಗಳೂರಿನ ಡೈರೆಕ್ಟರು. ಇನ್ನೊಬ್ಬರು ಅವರ ಜೊತೆ ಬಂದ ಸೆಕ್ರೆಟರಿ ಶಿವಲಿಂಗಯ್ಯನವರು. ಮೂರನೆಯವರು ಮಿಲ್ಲಿನ ಜನರಲ್ ಮ್ಯಾನೇಜರು ಗುರುಮಲ್ಲಪ್ಪನವರು. ದಿನಾ ಈ ಕಾರಿನಲ್ಲಿ ಓಡಾಡುವವರು ಅವರೇ. ಮೆಲುದನಿಯ ಮನುಷ್ಯ, ಹೆಂಡತಿ ತೀರಿಹೋದ ಮೇಲೆ ಇನ್ನೂ ಮೆಲುದನಿ. ಪ್ರೇಮಲೀಲಾ ನೀಲಿ ಅಂಚಿನ ಸೀರೆಯುಟ್ಟು ಅಪ್ಪನ ಪಕ್ಕದಲ್ಲೇ ಹಾದು ಮೆಟ್ಟಿಲು ಹತ್ತಿದಳು. ಇಬ್ಬರೂ ಒಬ್ಬರನ್ನೊಬ್ಬರು ನೋಡಲಿಲ್ಲ. ಮೊದಲೇ ಮಾತಾಗಿತ್ತು. ಆದರೂ ಹಾಗೆ ನೋಡದೆ ನಿಂತದ್ದು ಅವನಿಗೆ ಕಷ್ಟವಾಯಿತು.

ಕಿಟಕಿಯ ಕೆಳಗೆ ಕಾರು ನಿಲ್ಲಿಸಿಕೊಂಡು ಅವನು ಬಟ್ಟೆ ಹಿಡಿದು ಒರೆಸಿದ. ಒರೆಸಿದ್ದನ್ನೇ ಒರೆಸಿದ. ಕಪ್ಪು ಬಾನೆಟ್ಟಿನಲ್ಲಿ ಆಕಾಶ, ಅದರಲ್ಲಿ ಒಂದು ಬಿಳಿ ಮೋಡ. ಬಟ್ಟೆ ಆಡಿಸಿದಂತೆಲ್ಲ ಮೋಡ ಹೋಗುತ್ತಿತ್ತು, ಬರುತ್ತಿತ್ತು. ಒಳಗೆ ಮಗಳಿಗೆ ಅಂಗಳದ ಸಂಜೆ ನೆನಪಾಗಲಿ, ಎದುರಿಗಿರುವವರ ಕಣ್ಣು ಕಾಣದಿರಲಿ ಎಂದು ಅವನು ಬೆಟ್ಟದ ತಾಯಿಗೆ ಹರಸಿಕೊಂಡ. ಹಾಗೆ ಹರಸಿಕೊಳ್ಳುತ್ತಲೇ ಹಗಲುಗನಸಿಗೆ ಜಾರಿದ. ಕಾರು ತಾನೇ ಹೋಗುತ್ತಿದೆ, ಹಿಂದಿನ ಸೀಟಿನಲ್ಲಿ ಮಗಳು, ಮಾತಾಡುತ್ತಲೇ ಇದ್ದಾಳೆ, ರಸ್ತೆ ಮುಗಿಯುತ್ತಲೇ ಇಲ್ಲ.

ಚಪ್ಪಲಿಯ ಸದ್ದಿಗೆ ಎಚ್ಚರವಾಯಿತು. ಪ್ರೇಮಲೀಲಾ ಇಳಿದು ಬಂದಿದ್ದಳು. ಕಾರಿನ ಬಳಿ ಚಪ್ಪಲಿ ಸರಿಮಾಡಿಕೊಳ್ಳುವವಳಂತೆ ಬಗ್ಗಿ, "ಎಲ್ಲಾ ಹೇಳ್ದೆ ಅಪ್ಪ. ಬಾಯಿ ಕಟ್ಟಲಿಲ್ಲ. ಬೇಸಾಯ ಅಂತಲೂ ಹೇಳ್ದೆ" ಎಂದು ಗೇಟಿನ ಕಡೆ ನಡೆದುಹೋದಳು. ಅವಳ ಕಣ್ಣು ತುಂಬಿತ್ತು. ಗೆದ್ದವರ ಕಣ್ಣು ಹಾಗಿರುವುದಿಲ್ಲ ಎಂದು ಅವನಿಗೆ ಅನ್ನಿಸಿತು.

ಸಂಜೆ ಮೂವರೂ ಕಾರು ಹತ್ತಿದರು. ಚೆಲುವಯ್ಯನ ಕಿವಿ, ಅಷ್ಟು ವರ್ಷ ಇಲ್ಲವೆಂದು ನಟಿಸಿದ ಕಿವಿ, ಅವತ್ತು ಆನೆಯ ಕಿವಿಯಾಗಿತ್ತು. ಡೈರೆಕ್ಟರು ಒಬ್ಬ ಹುಡುಗನನ್ನು ಆಡಿಕೊಂಡು ನಕ್ಕರು. ಶಿವಲಿಂಗಯ್ಯನವರು ಇನ್ನೊಬ್ಬಳ ಇಂಗ್ಲಿಷನ್ನು ಅಣಕಿಸಿದರು. ಮಾರ್ಕೆಟ್ಟು ದಾಟುವಾಗ ಮಲ್ಲಿಗೆಯ ವಾಸನೆ ಕಾರಿನೊಳಗೆ ತುಂಬಿಕೊಂಡಿತು.

"ಆದರೆ ಆ ಹಿನಕಲ್ಲಿನ ಹುಡುಗಿ, ಏನು ಮಾತು ರೀ ಅವಳದು!" ಎಂದರು ಡೈರೆಕ್ಟರು. "ಬೆಳಿಗ್ಗೆ ಕೆಲಸ ಕಾಯ್ತಾ ಇರಬೇಕು, ಸಂಜೆ ಜೀವ ಕಾಯ್ತಾ ಇರಬೇಕು ಅಂದಳಲ್ಲ. ಬೇಸಾಯಗಾರನ ಮಗಳು ಅಂದರೆ ನಂಬೋಕಾಗುತ್ತಾ?"

"ಕಿಟಕಿ ಕಡೆ ನೋಡ್ಕೊಂಡು ಹೇಳಿದಳು ನೋಡಿ" ಎಂದು ಶಿವಲಿಂಗಯ್ಯನವರು ರಾಗ ಎಳೆದರು. "ನಮ್ಮನ್ನ ಒಂದು ಸಲವೂ ನೋಡಲಿಲ್ಲ. ಏನು ಗುರುಮಲ್ಲಪ್ಪನವರೇ, ನೀವು ಆಗಿನಿಂದ ಮಾತೇ ಆಡಿಲ್ಲ?"

ಗುರುಮಲ್ಲಪ್ಪನವರು ಆಗಲೂ ಮಾತಾಡಲಿಲ್ಲ. ಚೆಲುವಯ್ಯನಿಗೆ ಮೊದಲು ಸಂತೋಷ ಉಕ್ಕಿ ಬಂತು. ಮರುಕ್ಷಣ ಆ ಮೌನ ಅವನ ಬೆನ್ನಿಗೆ ತಣ್ಣಗೆ ತಾಗಿತು. ಬೆನ್ನಿಗೆ ಮೌನದ ಬಗೆಗಳೂ ಗೊತ್ತಿದ್ದವು. ಇದು ದಣಿವಿನ ಮೌನವಲ್ಲ, ಏನೋ ಹುಡುಕುವವರ ಮೌನ.

ಸ್ಟೇಷನ್ನಿನಲ್ಲಿ ಇಬ್ಬರು ಇಳಿದು ಬೆಂಗಳೂರಿನ ರೈಲಿಗೆ ಹೋದರು. ಚೆಲುವಯ್ಯ ಗುರುಮಲ್ಲಪ್ಪನವರ ಮನೆಯ ಕಡೆ ಕಾರು ತಿರುಗಿಸಿದ.

"ಮನೆಗೆ ಬೇಡ. ಬೆಟ್ಟಕ್ಕೆ ನಡಿ" ಎಂದರು ಅವರು.

ಬೆಟ್ಟದ ರಸ್ತೆ ಸುತ್ತಿ ಸುತ್ತಿ ಮೇಲೇರಿತು. ಒಂದೊಂದು ತಿರುವಿಗೂ ಊರು ಒಂದಿಷ್ಟು ಚಿಕ್ಕದಾಗಿ ಕಾಣುತ್ತಿತ್ತು. ಆ ತಿರುವುಗಳಲ್ಲೇ ಎಲ್ಲೋ ಚೆಲುವಯ್ಯನಿಗೆ ನೆನಪಾಯಿತು. ಇದೇ ರಸ್ತೆ, ಇದೇ ಹೊತ್ತು. ಹೆಂಡತಿ ತೀರಿಕೊಂಡ ಮೇಲೆ ಗುರುಮಲ್ಲಪ್ಪನವರು ಮೊದಲ ಸಲ ಆಫೀಸಿಗೆ ಬಂದ ದಿನ. ಅವತ್ತೂ ಮನೆಗೆ ಬೇಡ ಅಂದಿದ್ದರು. ಅವತ್ತು ಹಿಂದಿನ ಸೀಟಿನಿಂದ ಆ ಮಾತು ಬಂದಿತ್ತು, ಒಂದೊಂದೇ ಪದವಾಗಿ, ಮೆಲುದನಿಯಲ್ಲಿ. ತನ್ನದೆಂದು ಮಗಳಿಗೆ ಕೊಟ್ಟ ಮಾತು ತನ್ನದಾಗಿರಲಿಲ್ಲ. ಇನ್ನೊಬ್ಬರ ದುಃಖವನ್ನು ಎತ್ತಿಕೊಂಡು ಹೋಗಿ, ಅವರ ಮುಂದೆಯೇ ಮಗಳ ಬಾಯಿಂದ ಹೇಳಿಸಿದ್ದ. ಮಗಳ ಕೆಲಸವೂ ಹೋಯಿತು, ತನ್ನದೂ ಹೋಯಿತು ಎಂದುಕೊಂಡ. ಕಿವಿಯಿರೋ ಡ್ರೈವರ್ನ ಯಾರೂ ಕೆಲ್ಸಕ್ಕೆ ಮಡೀಕ್ಕಳಾಕಿಲ್ಲ.

ಊರು ಕಾಣುವ ಒಂದು ತಿರುವಿನಲ್ಲಿ, "ಇಲ್ಲೇ ನಿಲ್ಲಿಸು" ಎಂದರು ಗುರುಮಲ್ಲಪ್ಪನವರು. ಇಂಜಿನ್ ನಿಂತಿತು. ಕೆಳಗೆ ಮುಸ್ಸಂಜೆಯ ಹೊಗೆ, ಅದರ ನಡುವೆ ದೀಪಗಳು ಒಂದೊಂದಾಗಿ ಹತ್ತಿಕೊಳ್ಳುತ್ತಿದ್ದವು.

"ಅಪ್ಪ ಏನು ಮಾಡ್ತಾರೆ ಅಂತ ಕೇಳಿದೆ. ಆ ಹುಡುಗಿ ಕಿಟಕಿಯಿಂದ ಕೆಳಗೆ ನೋಡ್ತಾ ತುಂಬ ಹೊತ್ತು ಸುಮ್ಮನಿದ್ದಳು. ಆಮೇಲೆ ಬೇಸಾಯ ಅಂದಳು. ಅವಳು ಹೋದ ಮೇಲೆ ನಾನೂ ಎದ್ದು ಹೋಗಿ ನೋಡಿದೆ. ಕೆಳಗೆ ನೀನು ಕಾರು ಒರೆಸ್ತಾ ಇದ್ದೆ."

ಚೆಲುವಯ್ಯನ ಕಣ್ಣು ರಸ್ತೆಯ ಮೇಲೇ ಇತ್ತು. "ತಪ್ಪಾಯ್ತು ಬುದ್ಧಿ. ಕೂಸುದೇನೂ ತಪ್ಪಿಲ್ಲ, ನಾನೇ ಹೇಳ್ಕೊಟ್ಟೆ. ನಿಮ್ಮ ಮಾತು ಅಂತ ಗೊತ್ತಿರ್ನಿಲ್ಲ, ದೇವ್ರಾಣೆ. ನಂದೇ ಅಂದ್ಕೊಂಬುಟ್ಟಿದ್ದೆ."

"ಆ ಮಾತು ಆದ ಮೇಲೆ ನಾನು ಇನ್ನೊಂದು ಮಾತು ಆಡಿದ್ದೆ. ಅದು ನೆನಪಿದೆಯಾ?"

ನೆನಪಿತ್ತು. ಈಗ ಎಲ್ಲ ನೆನಪಿತ್ತು. "ನಿನ್ನ ಮನೇಲಿ ಯಾರು ಕಾಯ್ತಿರ್ತಾರೆ, ಅಂದ್ರಿ ಬುದ್ಧಿ."

"ಅವತ್ತು ಯಾಕೆ ಹೇಳಲಿಲ್ಲ?"

"ನೀವು ನಿಮ್ಮಷ್ಟಕ್ಕೆ ಆಡ್ಕತಾ ಇದೀರಿ ಅಂತ..."

"ಕಾರಿನಲ್ಲಿ ಇದ್ದದ್ದು ನಾವಿಬ್ಬರೇ ಅಲ್ಲವೇನಯ್ಯ? ನಿನ್ನನ್ನಲ್ಲದೆ ಇನ್ಯಾರನ್ನ ಕೇಳಲಿ?" ಗುರುಮಲ್ಲಪ್ಪನವರ ದನಿಯಲ್ಲಿ ಸಿಟ್ಟಿರಲಿಲ್ಲ. "ಯಾರ ಹತ್ತಿರವಾದರೂ ಒಂದು ಮಾತು ಆಡಬೇಕಾಗಿತ್ತು ಅವತ್ತು. ನೀನು ಕತ್ತು ಕೂಡ ಅಲ್ಲಾಡಿಸಲಿಲ್ಲ. ಈ ಮನುಷ್ಯನಿಗೆ ನನ್ನ ಮಾತೇ ಬೇಡ ಅಂದುಕೊಂಡೆ. ಆಮೇಲೆ ಯಾರ ಹತ್ತಿರವೂ ಆ ಮಾತು ಎತ್ತಲಿಲ್ಲ."

ಚೆಲುವಯ್ಯ ಮರ್ಯಾದೆ ಎಂದುಕೊಂಡು ಪಾಲಿಸಿದ್ದು ಈ ಮನುಷ್ಯನಿಗೆ ಬಾಗಿಲು ಮುಚ್ಚಿದಂತಾಗಿತ್ತು. ಚಿಕ್ಕಣ್ಣ ಮೇಸ್ತ್ರಿಯ ಮೇಲೆ ಅವನಿಗೆ ಮೊದಲ ಬಾರಿ ಕೋಪ ಬಂತು.

"ನಿನ್ನ ಮಗಳಿಗೆ ಕೆಲಸ ಆಗಿದೆ. ಮೂವರೂ ಆಫೀಸಿನಲ್ಲೇ ಒಪ್ಪಿ ರುಜು ಹಾಕಿದೀವಿ. ಆದರೆ ಆ ಬೇಸಾಯ ಅನ್ನೋದನ್ನ ನಾಳೆ ಬಂದು ತಿದ್ದಿಸಿ ಹೋಗು ಅಂತ ಹೇಳು. ನಗೋರು ಇದ್ದರೆ ನನ್ನ ಮುಂದೆ ನಗಲಿ." ಎಂದರು ಗುರುಮಲ್ಲಪ್ಪನವರು. "ಈಗ ಹೇಳು. ಯಾರು ಕಾಯ್ತಿರ್ತಾರೆ?"

ಚೆಲುವಯ್ಯ ಸ್ಟೀರಿಂಗಿನಿಂದ ಕೈ ತೆಗೆದ. ಸೀಟಿನ ಮೇಲೆ ತೋಳಿಟ್ಟು ಮೆಲ್ಲಗೆ ಹಿಂದಕ್ಕೆ ತಿರುಗಿದ. ಇಷ್ಟು ವರ್ಷಗಳಲ್ಲಿ ಹಾಗೆ ತಿರುಗಿದ್ದು ಅದೇ ಮೊದಲು. ಗುರುಮಲ್ಲಪ್ಪನವರ ಕೂದಲು ಪೂರ್ತಿ ಬೆಳ್ಳಗಾಗಿತ್ತು. ದಿನಾ ಕಾರಿನ ಬಾಗಿಲು ತೆಗೆಯುವಾಗಲೂ ತಲೆ ತಗ್ಗಿಸಿಯೇ ನಿಲ್ಲುತ್ತಿದ್ದ ಅವನಿಗೆ ಅದು ಗೊತ್ತೇ ಇರಲಿಲ್ಲ.

"ಹೆಂಡ್ರು ಕಾಯ್ತಾಳೆ ಬುದ್ಧಿ. ಮಗಳು ಕಾಯ್ತಾಳೆ. ಇವತ್ತು ಬಾಗಿಲಲ್ಲೇ ನಿಂತಿರ್ತಾಳೆ." ಎದುರು ಕೂತು ಮಾತಾಡುವುದು ಇಷ್ಟು ಸುಲಭವೇ ಎಂದು ಅವನಿಗೆ ಬೆರಗಾಯಿತು. ಆ ಬೆರಗಿನಲ್ಲೇ ಕೇಳಿಬಿಟ್ಟ. "ನಿಮ್ಮನೇಲಿ, ಬುದ್ಧಿ?"

ಗುರುಮಲ್ಲಪ್ಪನವರು ಕಿಟಕಿಯಾಚೆ ದೀಪಗಳನ್ನು ನೋಡಿದರು. "ಯಾರೂ ಇಲ್ಲ ಚೆಲುವಯ್ಯ. ಅವಳು ಗೇಟಿನ ಹತ್ತಿರ ನಿಂತಿರ್ತಿದ್ದಳು. ಕಾರಿನ ಸದ್ದು ಕೇಳಿದ ಕೂಡಲೇ..." ಎಂದವರು ಅಲ್ಲಿಗೇ ನಿಲ್ಲಿಸಿದರು.

"ಹೇಳಿ ಬುದ್ಧಿ" ಎಂದ ಚೆಲುವಯ್ಯ. "ಕೇಳ್ತಾ ಇವ್ನಿ."